ಹಂದಿ ಮಾಂಸವಿಲ್ಲದೆ ಸೋಲ್ ಫುಡ್ ಆಗುತ್ತದೆಯೇ?

ಅಟ್ಲಾಂಟಾ ಕನ್ನಡತಿ: ಕಳೆದ ಶನಿವಾರ ಅಟ್ಲಾಂಟಾದಲ್ಲಿ ಆಫ್ರಿಕನ್ ಅಮೆರಿಕನ್ ಮುಸ್ಲಿಂ ಕುಟುಂಬವೊಂದು ನಡೆಸುವ ಸಣ್ಣ ಹಲಾಲ್ ಹೋಟೆಲಿಗೆ ಹೋಗಿದ್ದೆ. ಅಲ್ಲಿ ಸಿಗುವುದು ಸೋಲ್ ಫುಡ್, ಅಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಮನೆಯಡುಗೆ. ಮಜ್ಜಿಗೆಯಲ್ಲಿ ನೆನೆಸಿ ಕರಿದ ಕೋಳಿ, ಮೆಕ್ಕೆಜೋಳದ ಬ್ರೆಡ್, ಅಲಸಂದೆ ಕಾಳು, ಎಲೆಕೋಸಿನ ಜಾತಿಯ ಕಾಲರ್ಡ್ ಸೊಪ್ಪು. ಸೊಪ್ಪಿಗೆ ಹೊಗೆಯಲ್ಲಿಟ್ಟ ಟರ್ಕಿ ಕೋಳಿಯ ಕಾಲು ಹಾಕಿ ಬೇಯಿಸಿದ್ದರು. ಬಟ್ಟಲಿನ ತಳದಲ್ಲಿ ಉಳಿದ ಕಪ್ಪುಹಸಿರು ರಸಕ್ಕೆ ಬ್ರೆಡ್ ಅದ್ದಿ ತಿಂದಾಗ ಅಮ್ಮನ ಬಸ್ಸಾರು ನೆನಪಾಗಿ ಕಣ್ಣು ತುಂಬಿತು. ಸೊಪ್ಪು ಬೆಂದ ನೀರನ್ನು ಚೆಲ್ಲಬಾರದೆಂಬ ಬುದ್ಧಿ ಅಲ್ಲೂ ಇದೆ, ಇಲ್ಲೂ ಇದೆ. ಜೊತೆಗಿದ್ದ ಸಹೋದ್ಯೋಗಿ ಮಾತ್ರ, ಹಂದಿಯ ಮೂಳೆ ಬೀಳದ ಸೊಪ್ಪು ಬರೀ ನಕಲು ಎಂದುಬಿಟ್ಟರು. ನನಗೆ ಆ ಮಾತು ಅನ್ಯಾಯವೆನ್ನಿಸಿತು.

ಅಲಬಾಮಾ ವಾಸಿ: ಮೇಡಂ, ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಹುರುಳಿದೆ. ಗುಲಾಮರಿಗೆ ವಾರಕ್ಕೆ ಅಳೆದು ಕೊಡುತ್ತಿದ್ದದ್ದು ಮೆಕ್ಕೆಜೋಳದ ಹಿಟ್ಟು ಮತ್ತು ಉಪ್ಪು ಹಾಕಿಟ್ಟ ಹಂದಿ ಮಾಂಸ. ಒಳ್ಳೆಯ ತುಂಡುಗಳು ಒಡೆಯನ ಮನೆಗೆ. ಕಾಲು, ಕುತ್ತಿಗೆ, ಕರುಳು ಇವರ ಪಾಲಿಗೆ. ಆ ಮೂಳೆಯಿಂದಲೇ ಅವರು ರುಚಿ ತೆಗೆದರು. ಹಂದಿಯನ್ನು ತೆಗೆದರೆ ಆ ನೋವಿನ ಗುರುತನ್ನೂ ತೆಗೆದಂತೆ. ಹಲಾಲ್ ಹೋಟೆಲ್ ಇರಲಿ, ನಾನೂ ಹೋಗಿ ತಿನ್ನುತ್ತೇನೆ. ಅದಕ್ಕೆ ಬೇರೆ ಹೆಸರಿಡಲಿ ಎಂಬುದಷ್ಟೇ ನನ್ನ ವಾದ.

ಡಲ್ಲಾಸಿನ ಬ್ಯಾರಿ: ಸರ್, ಆಫ್ರಿಕಾದಿಂದ ಹಡಗಿನಲ್ಲಿ ಹೇರಿ ತರಲಾದ ಗುಲಾಮರಲ್ಲಿ ಮುಸ್ಲಿಮರೂ ಇದ್ದರು ಎಂಬುದನ್ನು ಮರೆಯಬೇಡಿ. ಇಂದಿನ ಸೆನೆಗಲ್ ಕಡೆಯ ವಿದ್ವಾಂಸ ಉಮರ್ ಇಬ್ನ್ ಸಯೀದ್ 1807ರಲ್ಲಿ ಗುಲಾಮನಾಗಿ ದಕ್ಷಿಣ ಕೆರೊಲಿನಾಕ್ಕೆ ಬಂದವರು. 1831ರಲ್ಲಿ ಅರಬ್ಬಿಯಲ್ಲಿ ಆತ್ಮಕಥೆ ಬರೆದರು. ಜಾರ್ಜಿಯಾದ ಸಪೆಲೊ ದ್ವೀಪದಲ್ಲಿ ಬಿಲಾಲಿ ಮುಹಮ್ಮದ್ ಎಂಬವರು ನಮಾಜು, ಉಪವಾಸ ಬಿಡದೆ ಬದುಕಿದರು. ಅವರ ವಂಶದ ಹೆಂಗಸೊಬ್ಬರು 1930ರ ದಶಕದಲ್ಲಿ ತಮ್ಮ ಅಜ್ಜಿ ಅಕ್ಕಿ ನೆನೆಸಿ, ಕುಟ್ಟಿ, ಸಿಹಿ ಸೇರಿಸಿ ಚಪ್ಪಟೆಯಾಗಿ ತಟ್ಟಿ ಮಕ್ಕಳಿಗೆ ಹಂಚುತ್ತಿದ್ದುದನ್ನು ನೆನೆದಿದ್ದಾರೆ. ಅದನ್ನು ಸರಕ ಎನ್ನುತ್ತಿದ್ದರು. ನಮ್ಮ ಸದಖಾ, ಅಂದರೆ ದಾನ, ಅದೇ ಪದ. ಹೀಗಿರುವಾಗ ದಕ್ಷಿಣದ ಅಡುಗೆಗೆ ಹಲಾಲ್ ಹೊರಗಿನದು ಹೇಗಾಗುತ್ತದೆ?

ಶಿಕಾಗೊ ಓದುಗ: ವಿಷಯ ಇನ್ನೂ ತೊಡಕಾಗಿದೆ. ಜಾರ್ಜಿಯಾದಲ್ಲಿ ಹುಟ್ಟಿ ನೇಷನ್ ಆಫ್ ಇಸ್ಲಾಂ ಎಂಬ ಕಪ್ಪು ಮುಸ್ಲಿಮರ ಸಂಘಟನೆಯನ್ನು ಬೆಳೆಸಿದ ಎಲೈಜಾ ಮುಹಮ್ಮದ್ ಹಂದಿಯನ್ನಷ್ಟೇ ಬೇಡವೆನ್ನಲಿಲ್ಲ. ಕಾಲರ್ಡ್ ಸೊಪ್ಪು, ಅಲಸಂದೆ, ಜೋಳದ ಬ್ರೆಡ್, ಸಿಹಿಗೆಣಸು ಎಲ್ಲವೂ ಗುಲಾಮಗಿರಿಯ ಊಟ, ಬಿಟ್ಟುಬಿಡಿ ಎಂದರು. ಗೆಣಸಿನ ಪೈ ಎಂಬ ಸಿಹಿ ತಿನಿಸು ಇದ್ದ ಜಾಗಕ್ಕೆ ಬಿಳಿ ಹುರುಳಿಕಾಯಿ ಬೀಜದ ಬೀನ್ ಪೈ ಬಂತು. ಅವರು ತೀರಿಕೊಂಡದ್ದು 1975ರಲ್ಲಿ. ಆಮೇಲೆ ಮಗ ವಾರಿಸ್ ದೀನ್ ಮುಹಮ್ಮದ್ ಹೆಚ್ಚಿನವರನ್ನು ಸುನ್ನಿ ಇಸ್ಲಾಮಿನತ್ತ ಕರೆದೊಯ್ದರು. ಈಗ ಅದೇ ಸಮುದಾಯದವರು ಅಜ್ಜಿಯ ಸೊಪ್ಪಿನ ಪಾತ್ರೆಯನ್ನು ಮತ್ತೆ ಒಲೆಗೇರಿಸಿ, ಹಲಾಲ್ ಎಂದು ಬೋರ್ಡು ಹಾಕುತ್ತಿದ್ದಾರೆ. ಒಮ್ಮೆ ದೂರವಿಟ್ಟದ್ದನ್ನು ಮರಳಿ ಮನೆಗೆ ತಂದುಕೊಂಡವರಿಗೆ ಹೆಸರು ಬದಲಿಸಿಕೊಳ್ಳಿ ಎನ್ನಲು ನಾವು ಯಾರು?

ಷಾರ್ಲಟ್ ಸಸ್ಯಾಹಾರಿ: ನನ್ನ ಪ್ರಶ್ನೆ ಬೇರೆ. ದಕ್ಷಿಣದ ಹೋಟೆಲುಗಳಲ್ಲಿ ತರಕಾರಿ ತಟ್ಟೆ ಎಂದು ಕೇಳಿದರೂ ಸೊಪ್ಪಿನಲ್ಲಿ ಮಾಂಸ ಇರುತ್ತದೆ. ಒಂದು ಕಡೆ ಅರ್ಧ ತಿಂದಮೇಲೆ ಹಂದಿಯ ಚೂರು ಕಂಡು ಎದ್ದು ಬಂದಿದ್ದೇನೆ. ಹಲಾಲ್ ಜಾಗದಲ್ಲಾದರೂ ಕೇಳಿದ್ದಕ್ಕೆ ನೇರ ಉತ್ತರ ಸಿಗುತ್ತದೆಯೇ?

ಡಲ್ಲಾಸಿನ ಬ್ಯಾರಿ: ಸಿಗುತ್ತದೆ, ಏಕೆಂದರೆ ಅಲ್ಲಿಗೆ ಬರುವವರೆಲ್ಲ ಕೇಳುವವರೇ. ನಮ್ಮಲ್ಲೇ ಎಷ್ಟು ಭೇದ! ಕಿತಾಬಿನವರ, ಅಂದರೆ ಯಹೂದಿ ಮತ್ತು ಕ್ರೈಸ್ತರ, ಆಹಾರಕ್ಕೆ ಕುರಾನ್ ಅನುಮತಿ ಕೊಟ್ಟಿದೆಯೆಂದು ಸಾಮಾನ್ಯ ಅಂಗಡಿಯ ಕೋಳಿ ತಿನ್ನುವವರಿದ್ದಾರೆ. ಕೈಯಿಂದಲೇ ಜಬೀಹಾ, ಅಂದರೆ ಇಸ್ಲಾಮಿನ ವಿಧಿಯಂತೆ ಕೊಯ್ಲು, ಮಾಡಿದ್ದಾಗಬೇಕು, ಯಂತ್ರ ಕೂಡದು ಎನ್ನುವವರೂ ಇದ್ದಾರೆ. ನಾನು ಎರಡನೆಯ ಗುಂಪು. ಸಿಹಿಗೆಣಸಿನ ಮೇಲಿನ ಮಾರ್ಷ್‌ಮೆಲೊ ಮಿಠಾಯಿಯ ಜೆಲಟಿನ್ ಯಾವ ಪ್ರಾಣಿಯ ಮೂಳೆ ಚರ್ಮದ್ದು, ಸಾಸಿಗೆ ಬರ್ಬನ್ ವಿಸ್ಕಿ ಹಾಕಿದ್ದಾರೆಯೇ, ಇವನ್ನೂ ಕೇಳಿಯೇ ಕೂರುತ್ತೇನೆ.

ಅಲಬಾಮಾ ವಾಸಿ: ಸಪೆಲೊದ ಸಂಗತಿ ನನಗೆ ತಿಳಿದಿರಲಿಲ್ಲ. ಹೆಸರಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸೊಪ್ಪಿಗೆ ಬೇಕಾದದ್ದು ಉಪ್ಪು, ಹೊಗೆ, ಮೂಳೆಯ ಜಿಗುಟು. ಅದನ್ನು ಟರ್ಕಿ ಕಾಲು ಕೊಡುತ್ತದೆ. ಆದರೆ ದಕ್ಷಿಣದ ಬನ್ನಿನಂಥ ಮೆದು ಬಿಸ್ಕತ್ತಿನ ವಿಷಯದಲ್ಲಿ ನಾನು ಕದಲುವುದಿಲ್ಲ. ಹಂದಿ ಕೊಬ್ಬೆಂದರೆ ಪೂರ್ತಿ ಕೊಬ್ಬು. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಬ್ಬು, ಉಳಿದದ್ದು ಬಹುಪಾಲು ನೀರು. ಪದರ ಬಿಡುವ ರೀತಿಯೇ ಬೇರೆ.

ಶಿಕಾಗೊ ಓದುಗ: ಹತ್ತಿಬೀಜದ ಎಣ್ಣೆಯಿಂದ ಮಾಡಿದ ಗಟ್ಟಿ ಕೊಬ್ಬು ಕ್ರಿಸ್ಕೊ ಮಾರುಕಟ್ಟೆಗೆ ಬಂದದ್ದು 1911ರಲ್ಲಿ. ದಕ್ಷಿಣದ ಎಷ್ಟೋ ಅಡುಗೆಮನೆಗಳು ಅಂದಿನಿಂದಲೇ ಹಂದಿ ಕೊಬ್ಬಿನ ಡಬ್ಬಿಯನ್ನು ಬದಿಗಿಟ್ಟಿವೆ, ಸರ್. ಅವರನ್ನು ಯಾರೂ ನಕಲಿ ಎನ್ನಲಿಲ್ಲ.

ಅಟ್ಲಾಂಟಾ ಕನ್ನಡತಿ: ಷಾರ್ಲಟ್‌ನವರಿಗಾಗಿ ಈಗಷ್ಟೇ ಫೋನ್ ಮಾಡಿ ವಿಚಾರಿಸಿದೆ. ಸೊಪ್ಪಿಗೆ ಟರ್ಕಿ ಹಾಕಿಯೇ ಬೇಯಿಸುತ್ತಾರೆ, ತಪ್ಪಿಸಲಾಗದು. ಅಲಸಂದೆಯನ್ನು ಮಾತ್ರ ಬೇರೆ ಪಾತ್ರೆಯಲ್ಲಿ, ಈರುಳ್ಳಿ ಮತ್ತು ಒಣಮೆಣಸಿನಕಾಯಿ ಹಾಕಿ ಮಾಡುತ್ತಾರಂತೆ. ಜೋಳದ ಬ್ರೆಡ್ಡಿಗೆ ಮೊಟ್ಟೆ ಬೀಳುತ್ತದೆ, ಅನ್ನ ಇದೆ. ಅಲಬಾಮಾದವರು ಬರುವುದಾದರೆ ಹನ್ನೆರಡಕ್ಕೆ ಮೊದಲೇ ಬನ್ನಿ, ಬಿಸ್ಕತ್ತು ಬೇಗ ಮುಗಿಯುತ್ತದೆ.