ಹಳೆಯ ಪುಸ್ತಕಗಳ ಡಿಜಿಟಲೀಕರಣ: ಸ್ಕ್ಯಾನರ್‌ಗಿಂತ ಮೊದಲು ಪಟ್ಟಿ

ಕೇಳಿದ್ದು: ಧಾರವಾಡದ ವಿಶ್ವವಿದ್ಯಾಲಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಹಳೆಯ ಕನ್ನಡ ಪುಸ್ತಕಗಳು, ಮಾಸಪತ್ರಿಕೆಗಳ ಕಟ್ಟುಗಳು, ಪಿಎಚ್‌.ಡಿ. ಪ್ರಬಂಧಗಳು, ಒಂದಿಷ್ಟು ಜನಪದ ಹಾಡಿನ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿಸಲು ಅನುದಾನ ಬಂದಿದೆ. ಮಾರ್ಚ್ ಒಳಗೆ ಲೆಕ್ಕ ಒಪ್ಪಿಸಬೇಕು. ಸ್ಕ್ಯಾನರ್ ಕೊಳ್ಳುವುದೋ, ಗುತ್ತಿಗೆ ಕೊಡುವುದೋ? ಮಾಡಿದವರು ಹೇಳಿ.

ಧಾರವಾಡದಿಂದ:

ಎರಡನ್ನೂ ಸ್ವಲ್ಪ ತಡೆಯಿರಿ. ಮೊದಲು ಕಪಾಟಿನ ಮುಂದೆ ನಿಂತು ಪಟ್ಟಿ ಮಾಡಿ. ಹೆಸರು, ವರ್ಷ, ಪುಟಗಳೆಷ್ಟು, ಯಾವ ಪುಟ ಇಲ್ಲ, ಹೊಲಿಗೆ ಹೇಗಿದೆ, ಕಾಗದ ಮಡಚಿದರೆ ಮುರಿಯುತ್ತದೆಯೇ, ಈ ಪ್ರತಿ ಬೇರೆಲ್ಲಾದರೂ ಇದೆಯೇ ಎಂಬುದೆಲ್ಲ ಅದರಲ್ಲಿರಲಿ. ಕೊನೆಯ ಕಲಮು ಹಣ ಉಳಿಸುತ್ತದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಬಹಳಷ್ಟು ಕನ್ನಡ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಆದರೆ ಹೆಸರು ಕಂಡಿತು ಎಂದು ಬಿಟ್ಟುಬಿಡಬೇಡಿ, ತೆರೆದು ನೋಡಿ. ಪುಟ ಹಾರಿರುವುದು, ಅಂಚಿನ ಅಕ್ಷರ ಕತ್ತರಿಸಿಹೋಗಿರುವುದು ಸಾಕಷ್ಟಿದೆ. ಅಂಥವು ನಿಮ್ಮಲ್ಲಿ ಪೂರ್ಣವಾಗಿದ್ದರೆ ಮತ್ತೊಮ್ಮೆ ಮಾಡಿಸುವುದು ಸಾರ್ಥಕ.

ಊರಲ್ಲೇ ವಿಚಾರಿಸಿ. 1890ರ ಕರ್ನಾಟಕ ವಿದ್ಯಾವರ್ಧಕ ಸಂಘ, 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆ ಎರಡೂ ಇಲ್ಲೇ ಇವೆ. ಮಾಸಪತ್ರಿಕೆಯ ಎಲ್ಲ ಸಂಚಿಕೆಗಳೂ ಒಂದೇ ಕಡೆ ಸಿಗುವುದು ಅಪರೂಪ. ಮೂರು ಕಡೆಯ ಸಂಚಿಕೆಗಳನ್ನು ಕೂಡಿಸಿದಾಗಲೇ ಸಂಪುಟ ಪೂರ್ಣವಾಗುತ್ತದೆ. ಹಿಂದೆ ಬೈಂಡ್ ಮಾಡಿಸುವಾಗ ಮುಖಪುಟ, ಜಾಹೀರಾತಿನ ಹಾಳೆ ಕಿತ್ತು ಬಿಸಾಡುವ ರೂಢಿ ಇತ್ತು. ಯಾರಲ್ಲಾದರೂ ಬಿಡಿ ಸಂಚಿಕೆ ಮುಖಪುಟದ ಸಮೇತ ಉಳಿದಿದ್ದರೆ ಅದನ್ನೇ ಸ್ಕ್ಯಾನ್ ಮಾಡಿಸಿ. ಆ ಕಾಲದ ಹುಬ್ಬಳ್ಳಿ ಪೇಟೆಯಲ್ಲಿ ಏನು ಮಾರುತ್ತಿದ್ದರು, ಯಾವ ಛಾಪಖಾನೆ ಎಲ್ಲಿತ್ತು ಎಂಬುದು ಆ ಜಾಹೀರಾತುಗಳಲ್ಲೇ ಇರುತ್ತದೆ.

ಪಟ್ಟಿ ಮುಗಿದರೆ ಒಟ್ಟು ಪುಟ ಎಷ್ಟೆಂಬುದು ಗೊತ್ತಾಗುತ್ತದೆ. ಶೇಖರಣೆಯ ಲೆಕ್ಕ ಆಗ ಹಾಕಿ. ಎ4 ಅಳತೆಯ ಒಂದು ಪುಟ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ), 24 ಬಿಟ್ ಬಣ್ಣದಲ್ಲಿ, ಗಾತ್ರ ಕುಗ್ಗಿಸದ ಟಿಫ್ ಚಿತ್ರಕಡತವಾದರೆ ಸುಮಾರು 26 ಎಂಬಿ. 400 ಡಿಪಿಐ ಆದರೆ 46 ಎಂಬಿ. 300 ಪುಟದ ಪುಸ್ತಕ 400ರಲ್ಲಿ ಹತ್ತಿರ ಹತ್ತಿರ 14 ಜಿಬಿ. ಇದರ ಮೂರು ಪ್ರತಿ ಬೇಕು, ಅದರಲ್ಲಿ ಒಂದು ಬೇರೆ ಕಟ್ಟಡದಲ್ಲಿರಬೇಕು. ಟೆಂಡರ್ ಕಾಗದದಲ್ಲಿ ಡಿಸ್ಕಿನ ಖರ್ಚು ಕಾಣದಿದ್ದರೆ ಓದುವುದಕ್ಕೆ ಸಣ್ಣ ಪಿಡಿಎಫ್ ಉಳಿದು, ಮೂಲ ಕಡತ ಗುತ್ತಿಗೆದಾರರ ಹತ್ತಿರವೇ ಕಳೆದುಹೋಗುತ್ತದೆ.

ಗುತ್ತಿಗೆ ಕೊಡಬಹುದು, ತಪ್ಪಿಲ್ಲ. ಆದರೆ ಪುಸ್ತಕ ಕಟ್ಟಡದ ಹೊರಗೆ ಹೋಗಕೂಡದು, ಅವರೇ ಯಂತ್ರ ತಂದು ಇಲ್ಲೇ ಕೂತು ಮಾಡಲಿ. ಬೆನ್ನು ಕತ್ತರಿಸಿ ಹಾಳೆ ಬಿಡಿಸುವಂತಿಲ್ಲ. ತಾನಾಗಿ ಹಾಳೆ ಎಳೆಯುವ ಯಂತ್ರಕ್ಕೆ ಹಳೆಯ ಕಾಗದ ಕೊಡುವಂತಿಲ್ಲ, ಮೇಲಿನಿಂದ ಕ್ಯಾಮೆರಾ ಇಳಿಬಿಟ್ಟ ಸ್ಕ್ಯಾನರ್ ಆಗಬೇಕು. ನಮ್ಮವರು ಪುಟ ತಿರುವಿ ಒಪ್ಪಿದ ಮೇಲಷ್ಟೇ ಹಣ. ಈ ಷರತ್ತುಗಳನ್ನು ಒಪ್ಪಂದದಲ್ಲಿ ಬರೆಸಿ. ನಾವು ಕಂಡ ಒಬ್ಬ ಗುತ್ತಿಗೆದಾರರು ಬೇಗ ಮುಗಿಸುವ ಆಸೆಗೆ ಎರಡೆರಡು ಹಾಳೆ ಒಟ್ಟಿಗೆ ತಿರುವಿದ್ದರು. ಅದು ಬಯಲಾದದ್ದು ಪುಸ್ತಕವನ್ನೂ ಕಡತವನ್ನೂ ಪಕ್ಕಪಕ್ಕ ಇಟ್ಟು ಪುಟಸಂಖ್ಯೆ ಓದಿದ್ದರಿಂದ. ಮಾದರಿಗೆಂದು ಹತ್ತರಲ್ಲಿ ಒಂದು ನೋಡಿದ್ದರೆ ಸಿಗುತ್ತಿರಲಿಲ್ಲ. ಪುಟ ಎಣಿಕೆ ಪ್ರತಿ ಪುಸ್ತಕಕ್ಕೂ ಆಗಲೇಬೇಕು, ಚಿತ್ರದ ಸ್ಪಷ್ಟತೆಗೆ ಮಾದರಿ ಸಾಕು.

ಇನ್ನು ವಿವರಣೆ, ಅಂದರೆ ಹುಡುಕಿದವರಿಗೆ ಸಿಗುವಂತೆ ಹೆಸರು, ಲೇಖಕರನ್ನು ದಾಖಲಿಸುವುದು. ನನ್ನ ಅಭಿಪ್ರಾಯದಲ್ಲಿ ಸ್ಕ್ಯಾನಿಂಗಿಗೆ ಕೊಟ್ಟಷ್ಟೇ ಹಣ, ಸಮಯ ಇದಕ್ಕೂ ಕೊಡಬೇಕು. ಓದುಗ ಬೇಂದ್ರೆ ಎಂದು ಹುಡುಕುತ್ತಾನೆ, ಮುಖಪುಟದಲ್ಲಿ ಅಂಬಿಕಾತನಯದತ್ತ ಎಂದಿರುತ್ತದೆ. ಎರಡನ್ನೂ, ಜತೆಗೆ ಇಂಗ್ಲಿಷ್ ಲಿಪಿಯ ರೂಪವನ್ನೂ ದಾಖಲಿಸದಿದ್ದರೆ ಪುಸ್ತಕ ಇದ್ದೂ ಇಲ್ಲದಂತೆ. ಪತ್ರಿಕೆಗಳಿಗೆ ಲೇಖನವಾರು ಸೂಚಿ ಬೇಕು. ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಗೌರವಧನ ಕೊಟ್ಟು ಮಾಡಿಸಿ, ಸೊಗಸಾಗಿ ಮಾಡುತ್ತಾರೆ. ಸ್ಕ್ಯಾನ್ ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರಾಕ್ಟ್ ತಂತ್ರಾಂಶ ಕನ್ನಡ ಓದುತ್ತದೆ ನಿಜ. ಆದರೆ ಸವೆದ ಅಚ್ಚುಮೊಳೆಯ ಒತ್ತಕ್ಷರ, ಹಳಗನ್ನಡದ ಱ, ೞ ಬಂದಲ್ಲಿ ಎಡವುತ್ತದೆ. ಅದರ ಫಲಿತಾಂಶವನ್ನು ಹುಡುಕುವುದಕ್ಕೆ ಇಟ್ಟುಕೊಳ್ಳಿ, ಪಠ್ಯ ಎಂದು ಪ್ರಕಟಿಸಬೇಡಿ.

ಗದಗಿನಿಂದ:

ಪ್ರಬಂಧಗಳ ಬಗ್ಗೆ ಎರಡು ಮಾತು. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿ ಏನೇನು ಈಗಾಗಲೇ ಏರಿದೆ ಎಂದು ನೋಡಿಕೊಂಡು ಉಳಿದದ್ದನ್ನಷ್ಟೇ ಸ್ಕ್ಯಾನ್ ಮಾಡಿ. ಇನ್ನೊಂದು, ಸಿ.ಡಿ.ಯಲ್ಲಿ ಕೊಟ್ಟ ಪ್ರಬಂಧ ಇದೆ, ಚಿಂತೆ ಇಲ್ಲ ಅಂದುಕೊಳ್ಳಬೇಡಿ. ಬಹಳಷ್ಟು ನುಡಿ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿವೆ. ತೆರೆ ಮೇಲೆ ಕನ್ನಡ ಕಾಣುತ್ತದೆ, ಹುಡುಕಿದರೆ ಒಂದು ಪದವೂ ಸಿಗದು. ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಸರಿಯಾಗಿ ಕೂತಿದೆಯೇ ನೋಡಿ. ಸಿ.ಡಿ.ಗಳನ್ನು ಈ ವರ್ಷವೇ ನಕಲು ಮಾಡಿಕೊಳ್ಳಿ, ಅವು ಪುಸ್ತಕಕ್ಕಿಂತ ಬೇಗ ಕೆಡುತ್ತವೆ.

ಹಾವೇರಿಯಿಂದ:

ಪುಸ್ತಕ ಎಲ್ಲಾರೂ ನೋಡ್ತಾರ್ರಿ, ಕ್ಯಾಸೆಟ್ ಮರೀಬ್ಯಾಡ್ರಿ. ನನ್ನ ಕೇಳಿದ್ರ ಅವನ್ನ ಪಟ್ಟೀ ಒಳಗ ಮೊದಲ ಹಾಕ್ರಿ. ಟೇಪಿಗೆ ಬೂಷ್ಟು ಹಿಡೀತದ, ಬಾರಿಸೋ ಮಶೀನೂ ಸಿಗವಲ್ದು. ಕ್ಯಾಸೆಟ್ ಕೈಯಾಗ ಹಿಡಿದ ಕೂಡ್ಲೇ ಮ್ಯಾಲಿನ ಎರಡು ಪ್ಲಾಸ್ಟಿಕ್ ಚೂರು ಮುರೀರಿ, ಆಮ್ಯಾಲೆ ಯಾರು ರೆಕಾರ್ಡ್ ಒತ್ತಿದ್ರೂ ಅಳಸೋದಿಲ್ಲ. ಮಶೀನಿನ ಹೆಡ್ ಸ್ವಚ್ಛ ಒರೆಸಿ, 96 ಕಿಲೋಹರ್ಟ್ಸ್, 24 ಬಿಟ್, ವೇವ್ ಕಡತ ಮಾಡ್ರಿ. ತಾಸಿಗೆ 2 ಜಿಬಿ ಆಗ್ತದ. ಗರಗರ ಸದ್ದು ತಗಿಯೋದು ನಕಲಿನಾಗ, ಮೂಲ ಕಡತ ಮುಟ್ಟಬಾರ್ದು.

ಅದಕ್ಕಿಂತ ಅವಸರದ್ದು ಅಂದ್ರ ಹಾಡಿದವರ ಹೆಸರು. ಡಬ್ಬಿ ಮ್ಯಾಲೆ ‘ಡೊಳ್ಳಿನ ಪದ’ ಅಂತ ಬರದಿರ್ತಾರ, ಊರಿಲ್ಲ, ಹೆಸರಿಲ್ಲ. ರೆಕಾರ್ಡ್ ಮಾಡಿದ ಮಾಸ್ತರು ಇನ್ನೂ ಇದ್ರ ಈ ವಾರನ ಹೋಗಿ ಕೇಳಸ್ರಿ, ಆ ಊರಿಗೂ ಹೋಗ್ರಿ. ಹಾಡಿದವರಿಗೂ ಕಾಪಿರೈಟ್ ಕಾಯ್ದೆ ಒಳಗ 50 ವರ್ಷದ ಹಕ್ಕದ, ಒಪ್ಪಿಗಿ ಬರಸಿಕೊಂಡ ಮ್ಯಾಲೆ ನೆಟ್ಟಿಗೆ ಹಾಕ್ರಿ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದವರ ಜೋಡಿ ಮಾತಾಡಿ ನೋಡ್ರಿ.

ಮತ್ತೆ ಕೇಳಿದ್ದು: ಹಾಗಾದರೆ ಪುಸ್ತಕಗಳ ಹಕ್ಕು? ಎಲ್ಲವನ್ನೂ ಎಲ್ಲರಿಗೂ ತೆರೆದಿಡಬಹುದೇ?

ಧಾರವಾಡದಿಂದ:

ಇಲ್ಲ. ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಆಲೂರ ವೆಂಕಟರಾಯರು, ಫ.ಗು. ಹಳಕಟ್ಟಿಯವರು ಇಬ್ಬರೂ 1964ರಲ್ಲಿ ತೀರಿಕೊಂಡವರು. ಅವರು ಬದುಕಿದ್ದಾಗ ಪ್ರಕಟವಾದ ಬರವಣಿಗೆ 2025ರ ಜನವರಿಯಿಂದ ಮುಕ್ತ. ಬೇಂದ್ರೆಯವರದು 2041ರ ಕೊನೆಯವರೆಗೆ ಹಕ್ಕಿನಲ್ಲಿರುತ್ತದೆ. ಪತ್ರಿಕೆಯಾದರೆ ಒಂದೊಂದು ಲೇಖನದ ಲೇಖಕರನ್ನೂ ಬೇರೆಯಾಗಿ ನೋಡಬೇಕು. ಅದಕ್ಕೇ ಲೇಖನವಾರು ಸೂಚಿ ಎಂದದ್ದು. ಹಕ್ಕಿನಲ್ಲಿರುವುದನ್ನು ಸಂರಕ್ಷಣೆಗೆಂದು ಡಿಜಿಟಲ್ ಮಾಡಿಟ್ಟುಕೊಳ್ಳಲು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯಗಳಿಗೆ ಅವಕಾಶ ಕೊಟ್ಟಿದೆ, ಮುದ್ರಿತ ಪ್ರತಿ ನಿಮ್ಮಲ್ಲೇ ಇರಬೇಕು. ನಿಮ್ಮ ಗ್ರಂಥಾಲಯ ಆ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂದು ವಿಶ್ವವಿದ್ಯಾಲಯದ ಕಾನೂನು ವಿಭಾಗದಿಂದ ಬರಹದಲ್ಲಿ ತರಿಸಿಕೊಳ್ಳಿ. ನಿಮ್ಮ ಪಟ್ಟಿಗೆ ಇನ್ನೊಂದು ಕಲಮು ಸೇರಿಸಿ, ಲೇಖಕರು ತೀರಿಕೊಂಡ ವರ್ಷ. ಯಾವುದು ಎಲ್ಲರಿಗೆ, ಯಾವುದು ಒಳಗಿನ ಗಣಕದಲ್ಲಿ ಮಾತ್ರ ಎಂಬುದನ್ನು ಆ ಕಲಮಿನಿಂದಲೇ ಬೇರ್ಪಡಿಸಬಹುದು.