ಪೀಣ್ಯದ 18,000ವೋ, ಬೊಮ್ಮಸಂದ್ರದ 22,000ವೋ?

ಟರ್ನರ್_ಹೊಸಬ

ಐಟಿಐ ಟರ್ನರ್, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಟರ್ನಿಂಗ್‌ನಲ್ಲಿ ಒಂದೂವರೆ ವರ್ಷ ಅನುಭವ. ಎರಡು ಆಫರ್ ಇದೆ. ಪೀಣ್ಯ ಎರಡನೇ ಹಂತದಲ್ಲಿ ಕಂಪನಿ ರೋಲ್ (ನೇರ ನೌಕರಿ), ಗ್ರಾಸ್ 18,000, ಎಂಟು ಗಂಟೆ ಶಿಫ್ಟ್, ಓಟಿ (ಹೆಚ್ಚುವರಿ ಗಂಟೆಗಳ ಕೂಲಿ) ಬೇರೆ. ಬೊಮ್ಮಸಂದ್ರದಲ್ಲಿ ಕಾಂಟ್ರಾಕ್ಟರ್ ಮೂಲಕ, ಸಿಟಿಸಿ 22,000, ಹನ್ನೆರಡು ಗಂಟೆ ಶಿಫ್ಟ್. ಎರಡೂ ಕಡೆ ತಿಂಗಳಿಗೆ 26 ದಿನ. ಮನೆಯಲ್ಲಿ ಎಲ್ಲರೂ 22ಕ್ಕೇ ಸೇರ್ಕೋ ಅಂತಾರೆ. ಕೆಲಸ ಸಿಗೋದೇ ಕಷ್ಟ ಇರುವಾಗ ಚೌಕಾಸಿ ಮಾಡೋಕೂ ಭಯ. ಕೈಗೆ ನಿಜವಾಗಿ ಎಷ್ಟು ಬರುತ್ತೆ?

ಸಂಬಳಚೀಟಿ

ಮೊದಲು ಸಿಟಿಸಿ, ಗ್ರಾಸ್ ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಬಿಡಿ. ಗ್ರಾಸ್ ಅಂದರೆ ಕಡಿತಕ್ಕೆ ಮುಂಚಿನ ಸಂಬಳ, ಸಿಟಿಸಿ ಅಂದರೆ ನಿಮಗಾಗಿ ಆಗೋ ಒಟ್ಟು ಖರ್ಚು. ಸಿಟಿಸಿ ಒಳಗೆ ಮಾಲೀಕರು ಕಟ್ಟಬೇಕಾದ ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕೂಡ ಸೇರಿರುತ್ತೆ.

ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000 ಅಂತ ಇಟ್ಟುಕೊಳ್ಳೋಣ. ಬೊಮ್ಮಸಂದ್ರದ 22,000ದಲ್ಲಿ ಮಾಲೀಕರ ಪಿಎಫ್ 12%, ಜೊತೆಗೆ ವಿಮೆ ಮತ್ತು ಆಡಳಿತ ಶುಲ್ಕ ಸೇರಿ 1%, ಒಟ್ಟು 1,950 ಹೋಯ್ತು. ಅವರ ಇಎಸ್‌ಐ ಪಾಲು, ಅಂದರೆ ಗ್ರಾಸ್‌ನ 3.25%, ಕಳೆದರೆ ಗ್ರಾಸ್ ಉಳಿಯೋದು ಸುಮಾರು 19,419. ಅದರಲ್ಲಿ ನಿಮ್ಮ ಪಿಎಫ್ 1,800, ಇಎಸ್‌ಐ 0.75% ಅಂದರೆ 146. ಕೈಗೆ 17,473.

ಪೀಣ್ಯದ 18,000ದಲ್ಲಿ 1,800 ಮತ್ತು 135 ಕಳೆದರೆ 16,065.

ಅಂದರೆ ನಾಲ್ಕು ಸಾವಿರದ ವ್ಯತ್ಯಾಸ ಕೈಗೆ ಬರೋಷ್ಟರಲ್ಲಿ 1,408 ಆಯ್ತು. ಈಗ ಗಂಟೆಗೆ ಭಾಗಿಸಿ. ಪೀಣ್ಯ 208 ಗಂಟೆಗೆ 77 ರೂಪಾಯಿ ಚಿಲ್ಲರೆ. ಬೊಮ್ಮಸಂದ್ರ 312 ಗಂಟೆಗೆ ಬರೀ 56. ಊಟದ ಅರ್ಧ ಗಂಟೆಯನ್ನು ಎರಡೂ ಕಡೆ ಕಳೆದು ಲೆಕ್ಕ ಹಾಕಿದರೂ ತಕ್ಕಡಿ ವಾಲೋದು ಅದೇ ಕಡೆಗೆ.

ಒಂದು ಅಡ್ಡಮಾತು: ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ. ಚೀಟಿಯಲ್ಲಿ ಪಿಟಿ 200 ಅಂತ ಕಟ್ ಆಗಿದ್ದರೆ ಕೇಳಿ ವಾಪಸ್ ತಗೊಳ್ಳಿ.

ಓಟಿ_ಡಬಲ್

ಮೇಲಿನ ಲೆಕ್ಕ ಸರಿ. ಆದರೆ ಅಸಲಿ ಮೋಸ ಇರೋದು ಓಟಿಯಲ್ಲಿ. ವಾರಕ್ಕೆ 48 ಗಂಟೆ ದಾಟಿದ ಕೆಲಸಕ್ಕೆ ದುಪ್ಪಟ್ಟು ದರ ಕೊಡಬೇಕು. ಹನ್ನೆರಡು ಗಂಟೆ ಶಿಫ್ಟ್ ಅಂದರೆ ದಿನಕ್ಕೆ ನಾಲ್ಕು ಗಂಟೆ ಓಟಿ. ನಾಲ್ಕರ ದುಪ್ಪಟ್ಟು ಎಂಟು. ಎಂಟು ಗಂಟೆಯ ಕೂಲಿ ಜೊತೆ ಇನ್ನೊಂದು ಎಂಟು ಗಂಟೆಯ ಕೂಲಿ. ಆದ್ದರಿಂದ ಯಾರೇ 'ಹನ್ನೆರಡು ಗಂಟೆಗೆ ಇಷ್ಟು, ಓಟಿ ಎಲ್ಲಾ ಸೇರಿ' ಅಂದರೂ ಗ್ರಾಸ್ ಅನ್ನು ಎರಡರಿಂದ ಭಾಗಿಸಿ, ಅದೇ ನಿಮ್ಮ ಎಂಟು ಗಂಟೆಯ ಸಂಬಳ. ಇಲ್ಲಿ 9,709. ಕಾರ್ಮಿಕ ಇಲಾಖೆಯ ಕನಿಷ್ಠ ವೇತನ ಅಧಿಸೂಚನೆಯಲ್ಲಿ ಎಂಜಿನಿಯರಿಂಗ್ ವಿಭಾಗ, ಬೆಂಗಳೂರಿನ ವಲಯ, ಕುಶಲ ಕಾರ್ಮಿಕರ ಸಾಲು ನೋಡಿ. ತುಟ್ಟಿಭತ್ಯೆ ಏಪ್ರಿಲ್ 1ಕ್ಕೆ ಬದಲಾಗುತ್ತೆ, ಹಳೇ ವರ್ಷದ ಪಿಡಿಎಫ್ ನೋಡಿ ಮೋಸ ಹೋಗಬೇಡಿ. ಆ ದರದ ಹತ್ತಿರಕ್ಕೂ 9,709 ಬರಲ್ಲ.

ಪೀಣ್ಯದವರು ನಿಜವಾಗಿ ಡಬಲ್ ಓಟಿ ಕೊಟ್ಟರೆ ಗಂಟೆಗೆ 173. ತಿಂಗಳಿಗೆ 20 ಗಂಟೆ ಮಾಡಿದರೆ 3,460 ಹೆಚ್ಚು. ಅಲ್ಲಿಗೆ ಬೊಮ್ಮಸಂದ್ರವನ್ನು ದಾಟಿದಿರಿ, 84 ಗಂಟೆ ಕಡಿಮೆ ದುಡಿದು. 'ಓಟಿ ಬೇರೆ' ಅಂದರೆ ಸಿಂಗಲ್ಲೋ ಡಬಲ್ಲೋ ಅಂತ ಬಾಯಲ್ಲಲ್ಲ, ಆಫರ್ ಲೆಟರ್‌ನಲ್ಲಿ ಬರೆಸಿಕೊಳ್ಳಿ. ಲೆಟರ್ ಕೊಡಲ್ಲ ಅಂದರೆ ಎಚ್‌ಆರ್‌ಗೆ ವಾಟ್ಸಾಪ್ ಮಾಡಿ: 'ಗ್ರಾಸ್ 18,000, ಎಂಟು ಗಂಟೆ, ಓಟಿ ಡಬಲ್, ಸರಿ ತಾನೇ ಸರ್?' 'ಹೌದು' ಅಂತ ಬಂದರೆ ಅದೂ ದಾಖಲೆಯೇ.

ಪಾಸ್‌ಬುಕ್_ನೋಡಿ

ಕಾಂಟ್ರಾಕ್ಟರ್ ಕಡೆ ಹೋಗೋದೇ ಆದರೆ ಅವರ ಹೆಸರನ್ನು ಇಪಿಎಫ್‌ಒ (ಪಿಎಫ್ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ) ವೆಬ್‌ಸೈಟಿನ ಎಸ್ಟಾಬ್ಲಿಷ್‌ಮೆಂಟ್ ಸರ್ಚ್‌ನಲ್ಲಿ ಹಾಕಿ. ಯಾವ ತಿಂಗಳು ಎಷ್ಟು ಜನಕ್ಕೆ ಪಿಎಫ್ ಕಟ್ಟಿದ್ದಾರೆ ಅಂತ ಕಾಣುತ್ತೆ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನಡುನಡುವೆ ತಿಂಗಳು ಹಾರಿದ್ದರೆ ಸಂಬಳವೂ ಹಾಗೇ ಹಾರುತ್ತೆ ಅಂದ್ಕೊಳ್ಳಿ.

ಸೇರಿದ ಮೇಲೆ ಪಾಸ್‌ಬುಕ್‌ನಲ್ಲಿ ನಿಮ್ಮ ಪಾಲು 1,800, ಮಾಲೀಕರದು 550 ಮಾತ್ರ ಅಂತ ಕಂಡು ಗಾಬರಿ ಆಗಬೇಡಿ. ಬಾಕಿ 1,250 ಪಕ್ಕದ ಪಿಂಚಣಿ ಕಾಲಂನಲ್ಲಿ ಇರುತ್ತೆ. ಮೂರೂ ಕಾಲಂ ಖಾಲಿ, ಆದರೆ ಚೀಟಿಯಲ್ಲಿ ಮಾತ್ರ ಕಟ್ ಆಗ್ತಿದೆ ಅಂದರೆ ಆಗ ದೂರು ಕೊಡಿ. ಗೇಟ್ ಪಾಸ್, ಹಾಜರಿ, ಚೀಟಿ ಎಲ್ಲದರ ಫೋಟೋ ತಿಂಗಳು ತಿಂಗಳು ತೆಗೆದಿಡಿ. ಕಾಂಟ್ರಾಕ್ಟರ್ ಸಂಬಳ ಕೊಡದೆ ಕೈ ಎತ್ತಿದರೆ ಕೊಡೋ ಹೊಣೆ ಕೆಲಸ ಮಾಡಿಸಿಕೊಂಡ ಕಂಪನಿ ಮೇಲೆ ಬೀಳುತ್ತೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗುವಾಗ ಆ ಫೋಟೋಗಳೇ ಬೇಕಾಗೋದು.

ವೇರ್_ಆಫ್‌ಸೆಟ್

ನನ್ನ ಪ್ರಕಾರ ಪೀಣ್ಯ. ಕಾರಣ ದುಡ್ಡಲ್ಲ, ಮೆಷಿನ್. ಆಪರೇಟರ್ ಆಗಿ ಜಾಬ್ ಕಟ್ಟಿ ಸೈಕಲ್ ಸ್ಟಾರ್ಟ್ ಒತ್ತೋರಿಗೆ ಸಂಬಳ ಏರಲ್ಲ, ಮೆಷಿನ್ ಹೊಂದಿಸೋ ಸೆಟ್ಟರ್‌ಗೆ ಏರುತ್ತೆ. ಚಿಕ್ಕ ವರ್ಕ್‌ಶಾಪಲ್ಲಿ ಸೆಟ್ಟಿಂಗ್‌ಗೆ ಕೈ ಹಾಕೋಕೆ ಬಿಡ್ತಾರೆ, ದೊಡ್ಡ ಲೈನ್‌ನಲ್ಲಿ ಕಾಂಟ್ರಾಕ್ಟ್ ಹುಡುಗರಿಗೆ ಬಿಡೋದು ಅಪರೂಪ.

ಕೆಲಸಕ್ಕೆ ತಗೊಳ್ಳೋ ಮುಂಚಿನ ಟ್ರಯಲ್‌ನಲ್ಲಿ ಏನು ನೋಡ್ತಾರೆ? 25.00 ಮಿ.ಮೀ. ಬರಬೇಕಾದ ಹೊರವ್ಯಾಸ 25.04 ಬಂದಿದೆ, ಸರಿ ಮಾಡಿ ಅಂತಾರೆ. ಫ್ಯಾನಕ್ ಕಂಟ್ರೋಲ್‌ನಲ್ಲಿ (ಸಿಎನ್‌ಸಿ ಮೆಷಿನ್ ನಡೆಸೋ ಕಂಪ್ಯೂಟರ್) ಆ ಟೂಲ್‌ನ ವೇರ್ (ಸವೆತದ ತಿದ್ದುಪಡಿ) ಪುಟ, ಎಕ್ಸ್ ಕಾಲಂ, -0.04 ಹೊಡೆದು 'ಪ್ಲಸ್ ಇನ್‌ಪುಟ್' ಒತ್ತಬೇಕು. ಬರೀ 'ಇನ್‌ಪುಟ್' ಒತ್ತಿದರೆ ಮೊದಲಿದ್ದ ತಿದ್ದುಪಡಿ ಅಳಿಸಿಹೋಗಿ ಹೊಸದು ಕೂರುತ್ತೆ, ಮುಂದಿನ ಪೀಸ್ ರಿಜೆಕ್ಟ್. ಎಕ್ಸ್ ವ್ಯಾಸದ ಲೆಕ್ಕದಲ್ಲೇ ಇರೋದರಿಂದ 0.02 ಅಂತ ಅರ್ಧ ಮಾಡೋದೂ ತಪ್ಪು. 0.04 ಬದಲು 0.4 ಹೊಡೆದರಂತೂ ಕಥೆ ಮುಗೀತು. ಅಳತೆಯನ್ನು ಮೈಕ್ರೋಮೀಟರ್‌ನಲ್ಲೇ ತೋರಿಸಿ. 0.02ರ ವರ್ನಿಯರ್ ಹಿಡಿದುಕೊಂಡು 0.01 ಹೇಳೋಕೆ ಹೋದರೆ ಅಲ್ಲೇ ಗೊತ್ತಾಗುತ್ತೆ. ಪ್ರೋಗ್ರಾಮಿಂಗ್ ಕಲಿಯೋಕೆ ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ತರಬೇತಿ ಕೇಂದ್ರ) ವಿಚಾರಿಸಿ.

ಟರ್ನರ್_ಹೊಸಬ

ಎಲ್ಲರಿಗೂ ಥ್ಯಾಂಕ್ಸ್. ಬೊಮ್ಮಸಂದ್ರದ ಏಜೆಂಟ್ 3,000 ಡೆಪಾಸಿಟ್, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳ್ತಿದ್ದಾರೆ. ಮೂರು ತಿಂಗಳಾದ ಮೇಲೆ ವಾಪಸ್ ಅಂತೆ.

ಸಂಬಳಚೀಟಿ

ಎರಡೂ ಕೊಡಬೇಡಿ. ಒರಿಜಿನಲ್ ತೋರಿಸಿ, ಸಹಿ ಹಾಕಿದ ಜೆರಾಕ್ಸ್ ಕೊಡಿ, ಜೆರಾಕ್ಸ್ ಮೇಲೆ ಯಾವ ಕಂಪನಿಗೆ, ಯಾವ ತಾರೀಕು ಅಂತ ಅಡ್ಡಡ್ಡ ಬರೆಯಿರಿ. ಡೆಪಾಸಿಟ್‌ಗೆ ರಸೀದಿ ಕೇಳಿ ನೋಡಿ, ಏಜೆಂಟ್ ಫೋನ್ ಎತ್ತೋದೇ ನಿಲ್ಲಿಸ್ತಾರೆ.