ಒಂದೂಮುಕ್ಕಾಲು ಕುಂಟೆಯ ಗೌಡ

ಗೌಡ ಮೇಜಿನ ಮೇಲೆ ಬೀಗದ ಕೈ ಗೊಂಚಲು ಇಟ್ಟ. ಎಣಿಸಿದೆವು, ಹನ್ನೊಂದು. ಅದರಲ್ಲಿ ನಾಲ್ಕು ಯಾವ ಬೀಗದ್ದು ಅಂತ ಮನೆ ಮಾರಿದವರಿಗೂ ಗೊತ್ತಿಲ್ಲವಂತೆ.

"ಅದನ್ನೂ ಸೇರಿಸಿಯೇ ಐದು ಲಕ್ಷ ಯೂರೋ ಕೊಟ್ಟಿದ್ದೀಯಾ?" ಎಂದ ಪಾಟೀಲ.

ಶನಿವಾರ ಮಧ್ಯಾಹ್ನ, ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಪಾಟೀಲನ ಫ್ಲಾಟು. ನಡುವೆ ಗಿರ್ಮಿಟ್, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಗೌಡ, ಅವನ ಹೆಂಡತಿ, ಭಟ್ಟ, ನಾನು. ಗೌಡ ನ್ಯೂನನ್‌ನಲ್ಲಿ ಮನೆ ಕೊಂಡಿದ್ದಾನೆ. ಇಲ್ಲಿಂದ ಏಳೆಂಟು ಕಿಲೋಮೀಟರ್, ಸೈಕಲ್‌ನಲ್ಲಿ ಅರ್ಧ ಗಂಟೆ. 1974ರ ಸಾಲುಮನೆ. ಹಿಂದೆ ಒಂದು ಸಣ್ಣ ಕಾಲುವೆ, ಅದರಾಚೆ ಹೊಲ.

"ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡ," ಎಂದ ಪಾಟೀಲ. "ಹಾಸನದ ಹತ್ತಿರ ಹಳ್ಳಿ ಬೇಡ ಅಂತ ಬೆಂಗಳೂರಿಗೆ ಬಂದೆ. ಬೆಂಗಳೂರು ಬೇಡ ಅಂತ ಇಲ್ಲಿಗೆ ಬಂದೆ. ಈಗ ಮೂವತ್ತು ವರ್ಷದ ಸಾಲ ಮಾಡಿ ಮತ್ತೆ ಹಳ್ಳಿಗೇ ಹೊರಟೆ. ಮೊದಲೇ ಅಲ್ಲೇ ಕೂತಿದ್ದರೆ ವಿಮಾನದ ದುಡ್ಡಾದರೂ ಉಳೀತಿತ್ತಲ್ಲೋ."

"ಇದು ಬೇರೆ ಹಳ್ಳಿ ಕಣೋ. ಶಾಂತಿ ಇದೆ."

"ನಿಮ್ಮೂರಲ್ಲಿ ಇರಲಿಲ್ಲವಾ?"

"ನಮ್ಮೂರಲ್ಲಿ ನಮ್ಮಪ್ಪ ಇದ್ದಾರೆ."

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಬಜ್ಜಿ ತಟ್ಟೆ ಒಂದು ಸುತ್ತು ಹೋಗಿ ಬಂತು.

ಇಲ್ಲಿ ಮನೆ ನೋಡುವ ಪದ್ಧತಿ ನಿಮಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ಫುಂಡಾ ಅಂತ ಒಂದು ಆ್ಯಪ್ ಇದೆ. ಗಂಡ ಹೆಂಡತಿ ರಾತ್ರಿ ಮಲಗುವ ಮುಂಚೆ ದೇವರ ಹೆಸರು ಹೇಳುವ ಬದಲು ಅದನ್ನು ನೋಡುತ್ತಾರೆ. ಮನೆ ಇಷ್ಟವಾದರೆ ಮಾಕಲಾರ್‌ಗೆ, ಅಂದರೆ ದಲ್ಲಾಳಿಗೆ, ಬರೆಯಬೇಕು. ಅವನು ಸಮಯ ಕೊಡುತ್ತಾನೆ. ಗೌಡನಿಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಇವನು ಒಳಗೆ ಹೋಗುವಾಗ ಹಿಂದಿನ ಜೋಡಿ ಹೊರಗೆ ಬರುತ್ತಿತ್ತು. ಇವನು ಹೊರಗೆ ಬರುವಾಗ ಮುಂದಿನ ಜೋಡಿ ಬಾಗಿಲಲ್ಲಿ ನಿಂತಿತ್ತು.

"ಹೆಣ್ಣು ನೋಡೋಕೆ ಹೋದಾಗ ಒಪ್ಪದಿದ್ದರೂ ಉಪ್ಪಿಟ್ಟು ಕೊಟ್ಟಿದ್ದರು," ಎಂದ ಗೌಡ. "ಇಲ್ಲಿ ಒಂದು ಲೋಟ ನೀರೂ ಇಲ್ಲ."

"ಒಪ್ಪದಿದ್ದರೂ ಅಂದರೆ? ಎಷ್ಟು ಕಡೆ ಉಪ್ಪಿಟ್ಟು ತಿಂದಿದ್ದೀರಿ?" ಎಂದು ಕೇಳಿದಳು ಹೆಂಡತಿ. ಗೌಡ ಗಿರ್ಮಿಟ್‌ನಲ್ಲಿ ಕಡಲೆಬೀಜ ಹುಡುಕತೊಡಗಿದ.

ಆ ಇಪ್ಪತ್ತು ನಿಮಿಷದಲ್ಲಿ ಹದಿನೈದನ್ನು ನುಂಗಿದವನು ಭಟ್ಟ. ವೃತ್ತಿಯಿಂದ ಸಾಫ್ಟ್‌ವೇರ್, ಪ್ರವೃತ್ತಿಯಿಂದ ವಾಸ್ತು. ಮೊಬೈಲ್‌ನಲ್ಲಿ ದಿಕ್ಸೂಚಿ ಹಾಕಿಕೊಂಡು ಮನೆಯೆಲ್ಲ ಸುತ್ತಿದ. ಮಾಕಲಾರ್ ಅನುಮಾನದಿಂದ ನೋಡಿದಾಗ ಗೌಡ "ಅವನು ನೆಟ್‌ವರ್ಕ್ ನೋಡ್ತಿದ್ದಾನೆ" ಅಂದನಂತೆ.

"ಉತ್ತರದ ಬಾಗಿಲು ಮಾರಾಯ, ಕುಬೇರನ ದಿಕ್ಕು," ಎಂದ ಭಟ್ಟ. "ಆದರೆ ಬಾಗಿಲು ತೆಗೆದ ಕೂಡಲೇ ಎಡಗಡೆ ಶೌಚಾಲಯ. ಕುಬೇರ ಬಂದವನು ಮೊದಲು ಅಲ್ಲಿಗೇ ಹೋಗಬೇಕು."

ಇಲ್ಲಿ ಸಾಲುಮನೆಗಳೆಲ್ಲ ಬಹುಪಾಲು ಹಾಗೇ. ಮುಂಬಾಗಿಲ ಪಕ್ಕದಲ್ಲೇ ಶೌಚಾಲಯ, ಕರೆಂಟ್ ಮೀಟರ್ ಕಪಾಟು, ಆಮೇಲೆ ಏಣಿಗಿಂತ ಸ್ವಲ್ಪವೇ ವಾಸಿ ಅನ್ನುವಂಥ ಮೆಟ್ಟಿಲು.

ನಿಜವಾದ ತೊಂದರೆ ಬೇರೆ ಇತ್ತು. ಡಚ್ಚರಿಗೂ ಒಂದು ವಾಸ್ತು ಇದೆ. ಬಿಸಿಲು ಕಮ್ಮಿ ಇರುವ ದೇಶ ನೋಡಿ, ಹಿತ್ತಲು ದಕ್ಷಿಣಕ್ಕಿದ್ದರೆ ಅವರಿಗೆ ಪ್ರಾಣ. ಜಾಹೀರಾತಿನಲ್ಲೇ ಅದನ್ನು ದೊಡ್ಡದಾಗಿ ಹಾಕುತ್ತಾರೆ. ಸಾಲುಮನೆಯ ಹಿತ್ತಲು ದಕ್ಷಿಣಕ್ಕಿದ್ದರೆ ಬಾಗಿಲು ಎಲ್ಲಿರುತ್ತದೆ? ಉತ್ತರಕ್ಕೆ. ಅಂದರೆ ಭಟ್ಟ ಯಾವ ಮನೆಗೆ ತಲೆಯಾಡಿಸುತ್ತಾನೋ ಅದೇ ಮನೆಯ ಮುಂದೆ ಇಡೀ ಬ್ರಬಾಂಟ್ ಪ್ರಾಂತ್ಯ ಸಾಲು ನಿಂತಿರುತ್ತದೆ. ಕುಬೇರ ಬರುವುದೇನೋ ನಿಜ, ಆದರೆ ಮಾರುವವನ ಮನೆಗೆ.

ಕೇಳಿದ ಬೆಲೆ 4,75,000. ಕೇಳಿದಷ್ಟೇ ಕೊಡುವುದು ಇಲ್ಲಿ ಹೊಸಬರ ಕೆಲಸ. ಪ್ರತಿಯೊಬ್ಬರೂ ಕಣ್ಣು ಕಟ್ಟಿಕೊಂಡು ಒಂದೊಂದು ಮೊತ್ತ ಬರೆದು ಕಳಿಸುತ್ತಾರೆ. ಪಕ್ಕದವನು ಎಷ್ಟು ಬರೆದ ಅಂತ ಗೊತ್ತಾಗುವುದಿಲ್ಲ. ಗೌಡ ಹೀಗೆ ಬರೆದೂ ಬರೆದೂ ಮೊದಲು ಮೂರು ಮನೆ ಕಳೆದುಕೊಂಡಿದ್ದ. ಒಂದಂತೂ ಬರೀ ಐನೂರು ಯೂರೋ ಕಮ್ಮಿ ಬರೆದದ್ದಕ್ಕೆ ಕೈತಪ್ಪಿತ್ತು. ಆವತ್ತು ಅವನು ಆಫೀಸಿನಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ. ಕಾಫಿ ಮೆಷಿನ್‌ಗೆ ಮಾತ್ರ ಏನೋ ಅಂದನಂತೆ.

"ಈ ಸಲ 5,06,101 ಬರೆದೆ," ಎಂದ.

"ಆ ನೂರಾ ಒಂದು ಏನು?"

"ಮುಯ್ಯಿಗೆ ಸೇರಿಸೋದಿಲ್ವಾ, ಹಾಗೆ."

ನಾವೆಲ್ಲ ನಕ್ಕೆವು. ಆದರೆ ಇಲ್ಲಿನವರೂ ದುಂಡಗಿನ ಮೊತ್ತ ಬರೆಯಬೇಡಿ, ಚಿಲ್ಲರೆ ಸೇರಿಸಿ, ಇಬ್ಬರದೂ ಒಂದೇ ಆದರೆ ಕಷ್ಟ ಅಂತಲೇ ಬುದ್ಧಿ ಹೇಳುತ್ತಾರೆ. ಅದು ನಮ್ಮಜ್ಜಿಗೆ ಮೊದಲೇ ಗೊತ್ತಿತ್ತು.

ಮೊತ್ತದ ಜೊತೆ ಗೌಡ ಒಂದು ಕಾಗದವನ್ನೂ ಬರೆದ. ಮಾರುವವರು ವಯಸ್ಸಾದ ದಂಪತಿ. ಇಂಥವರಿಗೆ ನಾವು ಯಾರು, ಎತ್ತ ಅಂತ ನಾಲ್ಕು ಸಾಲು ಬರೆಯುವವರು ಇಲ್ಲಿ ಇದ್ದಾರೆ. ಈ ನ್ಯೂನನ್‌ನಲ್ಲಿ ಚಿತ್ರಕಾರ ವಿನ್ಸೆಂಟ್ ವಾನ್ ಗೋ 1883ರ ಕೊನೆಯಿಂದ ಸುಮಾರು ಎರಡು ವರ್ಷ ಇದ್ದ. ಅವನ ಅಪ್ಪ ಇಲ್ಲಿನ ಚರ್ಚಿನ ಪಾದ್ರಿ. ಆ ಮನೆ ಈಗಲೂ ಇದೆ. ದೀಪದ ಕೆಳಗೆ ಕೂತು ಆಲೂಗಡ್ಡೆ ತಿನ್ನುವ ರೈತರ ಮನೆಮಂದಿಯ ಆ ಕಪ್ಪು ಚಿತ್ರ 1885ರಲ್ಲಿ ಬಂದದ್ದು ಇದೇ ಊರಲ್ಲಿ. ಗೌಡ ಅದನ್ನು ಓದಿಕೊಂಡು ಬರೆದದ್ದು ಹೀಗೆ: ನನ್ನ ಅಪ್ಪ ಕರ್ನಾಟಕದ ಹಾಸನ ಜಿಲ್ಲೆಯಲ್ಲಿ ಆಲೂಗಡ್ಡೆ ಬೆಳೆಯುತ್ತಾರೆ. ನಾವೂ ದೀಪದ ಕೆಳಗೆ ಕೂತು ಆಲೂಗಡ್ಡೆ ತಿಂದವರೇ.

"ದೀಪದ ಕೆಳಗೆ ಯಾಕೆ?"

"ಲೋಡ್ ಶೆಡ್ಡಿಂಗ್ ಇತ್ತಲ್ಲೋ."

ಮನೆ ಸಿಕ್ಕಿದ್ದು ಕಾಗದದಿಂದ ಅಂತ ಗೌಡ. ನೂರಾ ಒಂದರಿಂದ ಅಂತ ಪಾಟೀಲ. ಉತ್ತರದ ಬಾಗಿಲಿನಿಂದ ಅಂತ ಭಟ್ಟ. "ಐದು ಲಕ್ಷ ಆರು ಸಾವಿರದಿಂದ," ಎಂದಳು ಗೌಡನ ಹೆಂಡತಿ. ನನಗೂ ಅವಳ ಲೆಕ್ಕವೇ ಸರಿ ಅನ್ನಿಸಿತು.

ಆಮೇಲೆ ತಪಾಸಣೆಯವನು ಬಂದ. ಬಾಗಿಲ ಹತ್ತಿರದ ಕಾಲೊರಸು ಎತ್ತಿ, ನೆಲದಲ್ಲಿದ್ದ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ಮನೆಯ ಕೆಳಗೇ ಇಳಿದುಹೋದ. ಗೌಡ ಗಾಬರಿ. ಇಲ್ಲಿ ತುಂಬಾ ಮನೆಗಳ ನೆಲದಡಿ ತೆವಳಿಕೊಂಡು ಹೋಗುವಷ್ಟು ಜಾಗ ಇರುತ್ತದೆ, ಪೈಪು ಗೀಪು ನೋಡುವುದಕ್ಕೆ. ಇದನ್ನು ಅಪ್ಪನಿಗೆ ಫೋನಿನಲ್ಲಿ ಅರ್ಧ ಗಂಟೆ ವಿವರಿಸಿದ. ಅಪ್ಪ ಎಲ್ಲ ಕೇಳಿ, "ಹಗೇವು ಅನ್ನು. ರಾಗಿ ಹಾಕಿದಾರಾ?" ಅಂದರಂತೆ.

ಸಹಿ ಹಾಕಿದ ಮೇಲೆ ಕೊಳ್ಳುವವನಿಗೆ ಮೂರು ದಿನದ ಗಡುವು. ಕಾರಣ ಹೇಳದೆ ಹಿಂದೆ ಸರಿಯಬಹುದು. ಆ ಮೂರು ದಿನ ಗೌಡ ಸೂತಕ ಬಂದವನ ಹಾಗೆ ಮೂಲೆಯಲ್ಲಿ ಕೂತಿದ್ದ. ನಾಲ್ಕನೇ ದಿನ ತಲೆಗೆ ಸ್ನಾನ ಮಾಡಿ ಎದ್ದ.

"ಇನ್ನು ಕೋಸ್ಟನ್ ಕೋಪರ್ ವಿಷಯ ಎತ್ತಬೇಡಿ," ಎಂದಳು ಅವನ ಹೆಂಡತಿ, ತಾನೇ ಎತ್ತುತ್ತಾ. ಡಚ್‌ನಲ್ಲಿ ಕೋಸ್ಟನ್ ಅಂದರೆ ಖರ್ಚು, ಕೋಪರ್ ಅಂದರೆ ಕೊಳ್ಳುವವನು. ನೋಟರಿ, ವರ್ಗಾವಣೆ ತೆರಿಗೆ, ಎಲ್ಲ ಕೋಪರನ ತಲೆಗೆ. ಬಿಲ್ಲು ನೋಡಿದರೆ ಕೋಪರ್ ಅಂತ ಯಾಕೆ ಕರೆಯುತ್ತಾರೆ ಅಂತ ಕನ್ನಡದವರಿಗೆ ಬೇರೆ ಹೇಳಬೇಕಾಗಿಲ್ಲ.

ತೆರಿಗೆ ನೂರಕ್ಕೆ ಎರಡು. ಆದರೆ ಮೂವತ್ತೈದು ತುಂಬದವರು ಮೊದಲ ಸಲ ಕೊಂಡರೆ, 2025ರಲ್ಲಿ 5,25,000 ಯೂರೋ ಒಳಗಿನ ಮನೆಗೆ ತೆರಿಗೆ ಸೊನ್ನೆ. ಗೌಡ ನಿಜವಾಗಿ ಹುಟ್ಟಿದ್ದು ನವೆಂಬರ್ 1990. ಆದರೆ ಶಾಲೆಗೆ ಸೇರಿಸುವಾಗ ವಯಸ್ಸಿಗೆ ತಿಂಗಳು ಸಾಲಲಿಲ್ಲ ಅಂತ ಹೆಡ್‌ಮೇಷ್ಟ್ರು ರಿಜಿಸ್ಟರ್‌ನಲ್ಲಿ 1-6-1990 ಅಂತ ಬರೆದರು. ನಮ್ಮ ಕಡೆ ಅರ್ಧ ತರಗತಿ ಜೂನ್ ಒಂದರಂದೇ ಹುಟ್ಟಿದ್ದು, ಅಲ್ವಾ? ನೋಟರಿ ಮುಂದೆ ಕೂತದ್ದು ಜುಲೈ 2025. ಕಾಗದದ ಪ್ರಕಾರ ಗೌಡನಿಗೆ ಮೂವತ್ತೈದು ತುಂಬಿ ಒಂದೂವರೆ ತಿಂಗಳು.

"ಜಾತಕ ತೋರಿಸಬೇಕಿತ್ತು," ಎಂದ ಭಟ್ಟ. ಅವನು ತಮಾಷೆ ಮಾಡುತ್ತಿರಲಿಲ್ಲ.

"ನನಗೆ ಮೂವತ್ತೆರಡು. ನನ್ನ ಅರ್ಧ ಮನೆಗೆ ತೆರಿಗೆ ಇಲ್ಲ," ಎಂದಳು ಹೆಂಡತಿ. "ಇವರ ಅರ್ಧಕ್ಕೆ 5,061 ಯೂರೋ. ಅಡುಗೆಮನೆ, ಹಿತ್ತಲು ನನ್ನ ಕಡೆ ಬರುತ್ತೆ ಅಂತ ಹೇಳಿದ್ದೀನಿ. ಮೆಟ್ಟಿಲು, ಹಗೇವು ಇವರದ್ದು."

"ಆ ಮೇಷ್ಟ್ರು ಈಗ ಎಲ್ಲಿದ್ದಾರೆ?" ಎಂದು ಕೇಳಿದೆ.

"ಹೋದ ಸಲ ಊರಿಗೆ ಹೋದಾಗ ಶಾಲು ಹೊದಿಸಿ ಕಾಲಿಗೆ ಬಿದ್ದು ಬಂದೆ," ಎಂದ ಗೌಡ. "ಆಗ ಈ ವಿಷಯ ಗೊತ್ತಿರಲಿಲ್ಲ."

ಗೃಹಪ್ರವೇಶಕ್ಕೆ ಹೋಮ ಆಗಲೇಬೇಕು ಅಂತ ಭಟ್ಟ ಹಟ ಹಿಡಿದ. ಇಲ್ಲಿ 2022ರ ಜುಲೈಯಿಂದ ಪ್ರತಿ ಮಹಡಿಗೂ ಹೊಗೆ ಕಂಡರೆ ಕೂಗುವ ಯಂತ್ರ ಕಡ್ಡಾಯ. ಮೂರು ಮಹಡಿ, ಮೂರು ಯಂತ್ರ. "ಮಂಗಳವಾದ್ಯ ಆಯ್ತಲ್ಲ," ಎಂದ ಪಾಟೀಲ. ಕೊನೆಗೆ ಇಂಡಕ್ಷನ್ ಒಲೆಯಲ್ಲಿ ಹಾಲು ಉಕ್ಕಿಸುವುದಕ್ಕೆ ಒಪ್ಪಂದವಾಯಿತು.

ಬಜ್ಜಿ ಮುಗಿದ ಮೇಲೆ ಮನೆ ನೋಡಲು ಹೊರಟೆವು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಪರದೆ ಇಲ್ಲದ ದೊಡ್ಡ ಕಿಟಕಿಗಳು, ಪ್ರತಿ ಕಿಟಕಿಯಲ್ಲೂ ಒಂದೇ ಥರದ ಎರಡು ಹೂದಾನಿ. ಕಾರಿನ ಬಾಗಿಲು ಹಾಕಿದ ಸದ್ದಿಗೆ ನಮಗೇ ನಾಚಿಕೆಯಾಯಿತು. ಪಾಟೀಲ ತನ್ನ ಮಾಮೂಲಿ ಧಾರವಾಡದ ಗಂಟಲಲ್ಲಿ "ಏನ್ ಶಾಂತ ಐತಿಲೇ ಇಲ್ಲಿ!" ಎಂದ. ಎದುರು ಮನೆಯ ಅಜ್ಜಿ ಹೂದಾನಿಗಳ ನಡುವೆ ಕಾಣಿಸಿಕೊಂಡು ನಮ್ಮ ಕಡೆ ಕೈ ಬೀಸಿದಳು. ಅಲ್ಲಿಗೆ ಆ ಬೀದಿಯ ಶಾಂತಿ ಇನ್ನೆಷ್ಟು ದಿನ ಅಂತ ನನಗೆ ಲೆಕ್ಕ ಸಿಕ್ಕಿತು.

ಹಿತ್ತಲ ಬಾಗಿಲು ತೆಗೆದೆವು. ಗಮ್ಮೆಂದು ಗೊಬ್ಬರದ ವಾಸನೆ. ಯಾರೋ ದೂರದ ಹುಲ್ಲುಗಾವಲಿಗೆ ದನದ ಗೊಬ್ಬರ ಬಿಟ್ಟಿದ್ದರು. ಭಟ್ಟ ಮೂಗು ಮುಚ್ಚಿದ. ಗೌಡ ಎದೆ ತುಂಬ ಎಳೆದುಕೊಂಡ.

"ಐದು ಲಕ್ಷದ ಸಗಣಿ," ಎಂದ ಪಾಟೀಲ.

ಗೌಡ ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿದ. ಅಲ್ಲಿ ರಾತ್ರಿ ಒಂಬತ್ತು ಗಂಟೆ. ಅಪ್ಪ ಊಟ ಮುಗಿಸಿ ಎಲೆಅಡಿಕೆ ಹಾಕುತ್ತಿದ್ದರು.

"ಎಷ್ಟು ಜಾಗ?"

"ಒಂದೂಮುಕ್ಕಾಲು ಕುಂಟೆ, ಅಪ್ಪ."

"ಎಷ್ಟಾಯ್ತು?"

ಗೌಡ ಯೂರೋದಲ್ಲಿ ಹೇಳಿದ. ಅಪ್ಪ ರೂಪಾಯಿಯಲ್ಲಿ ಕೇಳಿದರು. ಹತ್ತಿರ ಹತ್ತಿರ ಐದು ಕೋಟಿ. ಆ ಕಡೆ ಎಲೆಅಡಿಕೆ ಅಗಿಯುವುದು ನಿಂತಿತು. ನೆಟ್‌ವರ್ಕ್ ಹೋಯಿತೇನೋ ಅಂತ ನಾವು ಪರದೆಗೆ ಬಗ್ಗಿ ನೋಡಿದೆವು. ಹೋಗಿರಲಿಲ್ಲ.

ಮಾತು ಬದಲಿಸಲು ಗೌಡ ಮೊಬೈಲನ್ನು ಕಾಲುವೆಯಾಚೆಗೆ ತಿರುಗಿಸಿದ. "ನೋಡಿ ಅಪ್ಪ, ಎಂಥಾ ಹಸಿರು."

"ತಡಿ, ತಡಿ. ಹತ್ತಿರ ಹಿಡಿ. ಅದು ಆಲೂಗಡ್ಡೆ ಅಲ್ವೇನೋ?"

"ಹೌದು."

"ಕೆಳಗಿನ ಎಲೆ ನೋಡು. ಕಪ್ಪು ಚುಕ್ಕೆ ಇದ್ಯಾ? ಮಳೆ ಬಂದಿತ್ತಾ?"

"ಮೊನ್ನೆ ಬಂತು."

"ಅಂಗಮಾರಿ ಇರಬಹುದು ಕಣೋ! ಇವತ್ತೇ ಆ ರೈತನಿಗೆ ಹೇಳು, ನಾಳೆ ಅನ್ನಬೇಡ. ನಮಗೆ ಹೊಲಕ್ಕೆ ಹೊಲವೇ ಹೋಗಿಲ್ವಾ? ಎಲೆ ತಿರುಗಿಸಿ ನೋಡು, ಅಡಿಯಲ್ಲಿ ಬಿಳಿ ಬೂಷ್ಟು ಇದ್ಯಾ ಅಂತ."

ಗೌಡ ನಮ್ಮತ್ತ ನೋಡಿದ. ಕಾಲುವೆಯತ್ತ ನೋಡಿದ. ಮೊಬೈಲನ್ನು ಹೆಂಡತಿಯ ಕೈಗೆ ಕೊಟ್ಟು, ಹೊಸ ಬಿಳಿ ಶೂ ಬಿಚ್ಚಿ ಪಕ್ಕಕ್ಕಿಟ್ಟು, ಪ್ಯಾಂಟು ಮಡಚತೊಡಗಿದ.